ನಿಲ್ಲಿಸದೆ ಬಿಟ್ಟ ರೆಕಾರ್ಡಿಂಗ್

ಆ ಸಂಜೆಯ ವಿಡಿಯೋ ತೋರಿಸಲು ಇವತ್ತಿಗೂ ಯಾರಾದರೂ ಫೋನ್ ಮುಂದೆ ಹಿಡಿದರೆ ನಾನು ಅದನ್ನು ಕೈಯಿಂದ ಆಚೆ ಸರಿಸುತ್ತೇನೆ. "ಇದು ನಿಮ್ಮ ಬ್ಯಾಂಡಿನ ಶೋ ಅಲ್ಲವಾ? ನೀವೂ ಅಲ್ಲಿದ್ದಿರಂತಲ್ಲ?" ಎಂದು ಕೇಳುತ್ತಾರೆ. ಇದ್ದೆ. ವೇದಿಕೆಯಿಂದ ನೂರು ಹೆಜ್ಜೆ ದೂರದಲ್ಲಿ, ತಾಡಪಾಲಿನ ಗುಡಾರದೊಳಗೆ, ಮಿಕ್ಸರಿನ ಹಿಂದೆ ನಿಂತಿದ್ದೆ. ಕಾರವಾರದ ಕಡಲತೀರದಲ್ಲಿ ಅವತ್ತು ಜನರ ಕಿವಿಗೆ ಬಿದ್ದ ಒಂದೊಂದು ಸದ್ದೂ ನನ್ನ ಬೆರಳ ಕೆಳಗಿನಿಂದಲೇ ಹೋಗಿದ್ದು. ಆ ಶೋದ ಬಗ್ಗೆ ಪತ್ರಿಕೆಯವರು ಬರೆದರು, ಸಂಘಟನೆಯವರು ಮೈಕ್ ಕಚ್ಚಿ ಭಾಷಣ ಮಾಡಿದರು, ಕಲೆಯ ಸ್ವಾತಂತ್ರ್ಯದವರು ಹೇಳಿಕೆ ಕೊಟ್ಟರು. ಸೌಂಡಿನವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಆಗ ಸುಳ್ಳು ಹೇಳುತ್ತಿದ್ದೆನೋ ಏನೋ. ಈಗ ಮುಚ್ಚಿಡಬೇಕಾದ್ದೇನೂ ಉಳಿದಿಲ್ಲವಾದ್ದರಿಂದ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಶುರುವಾದದ್ದು ಶೋಗೆ ಎಂಟು ತಿಂಗಳು ಮೊದಲು, ಅಂಕೋಲೆಯಲ್ಲಿ. ನಮ್ಮ ರಾಕ್ ಬ್ಯಾಂಡಿನ ಗಾಯಕನಿಗೆ ಇದ್ದಕ್ಕಿದ್ದಂತೆ 'ಮಣ್ಣಿನ ಸೊಗಡು' ಬೇಕೆನಿಸಿತ್ತು. ಅವನು ಕಾರವಾರ ಪೇಟೆಯಲ್ಲೇ ಹುಟ್ಟಿ ಬೆಳೆದವನು. ಅಷ್ಟು ವರ್ಷವೂ ಕಡಲು ಅವನ ಮಟ್ಟಿಗೆ ಸಂಜೆ ಭೇಲ್ ತಿನ್ನುವ ಜಾಗವಾಗಿತ್ತು. ಮೀನುಗಾರರ ಹಾಡುಗಳನ್ನು ಗಿಟಾರಿಗೆ ಜೋಡಿಸಬೇಕು, ಯಾರಾದರೂ ಹಾಡುವವರಿದ್ದಾರಾ ಎಂದು ನನ್ನನ್ನೇ ಕೇಳಿದ. ಏಕೆಂದರೆ ಆ ಗುಂಪಿನಲ್ಲಿ ಮೀನುಗಾರರ ಮನೆಯವನು ನಾನೊಬ್ಬನೇ. ನನ್ನ ಚಿಕ್ಕಿಯ ನೆನಪಾಯಿತು. ಅಮ್ಮನ ಸ್ವಂತ ತಂಗಿ. ಅಂಕೋಲೆಯ ಕಡಲ ದಂಡೆಯ ಕೇರಿಗೆ ಕೊಟ್ಟದ್ದು. ಬೆಳಗ್ಗೆ ದೋಣಿ ದಡಕ್ಕೆ ಬಂದಾಗ ಮೀನು ಎತ್ತಿಕೊಂಡು ಪೇಟೆಯಲ್ಲಿ ಮಾರುತ್ತಾಳೆ. ಗಂಡ ಕಡಲಿನಲ್ಲಿ ತೀರಿಹೋಗಿ ಆಗ ನಾಲ್ಕು ವರ್ಷವಾಗಿತ್ತು, ಒಬ್ಬ ಮಗಳು. ಮದುವೆ ಹಾಡಿಗೆ ಕೂತರೆ ಆ ಕೇರಿಯಲ್ಲಿ ಅವಳನ್ನು ಮೀರಿಸುವವರಿಲ್ಲ.

ಗಾಯಕನನ್ನು ಕರೆದುಕೊಂಡು ಹೋದೆ. ಮನೆಯ ಹಿಂದಿನ ಪಡಸಾಲೆಯಲ್ಲಿ ಸೀಲಿಂಗ್ ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಕೋಳಿಗಳನ್ನು ಓಡಿಸಿ, ಒಂದು ಚಿಕ್ಕ ರೆಕಾರ್ಡರನ್ನು ಸ್ಟೂಲಿನ ಮೇಲಿಟ್ಟೆ. ಚಿಕ್ಕಿ ನಾಲ್ಕು ಮದುವೆ ಹಾಡು ಹೇಳಿದಳು. ಗಾಯಕ ಎರಡನೇ ಹಾಡಿನ ಹೊತ್ತಿಗೇ ಬೇಸತ್ತು, ದೋಣಿಗಳ ಫೋಟೋ ತೆಗೆಯಲು ದಡಕ್ಕೆ ಹೋದ. ಐದನೆಯದಾಗಿ ಅವಳು ರಂಪಣಿ ಎಂಬ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುವಾಗ ಗಂಡಸರು ಕೂಗುವ ಪದ ಹೇಳಿದಳು. ಅದು ಅವಳ ಗಂಡ ಮುಂದೆ ನಿಂತು ಹೇಳಿಕೊಡುತ್ತಿದ್ದ ಪದ. ಅರ್ಧಕ್ಕೆ ಬರುವಾಗ ದನಿ ಕುಸಿಯಿತು. ನಮ್ಮ ಕಡೆ ಹೆಂಗಸರು ಬರೀ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಮಾತಾಡುತ್ತ, ಆ ಮಾತಿಗೆ ಒಂದು ರಾಗ ಬಂದುಬಿಡುತ್ತದೆ. ಅದನ್ನು ಹೆಂಗಸರು ಹೆಂಗಸರ ಮುಂದೆ ಮಾಡುತ್ತಾರೆ. ಚಿಕ್ಕ ಮಕ್ಕಳು, ಮನೆಯ ಗಂಡುಹುಡುಗರು ಸುತ್ತ ಇದ್ದರೆ ಲೆಕ್ಕಕ್ಕಿಲ್ಲ. ಚಿಕ್ಕಿಗೆ ನಾನು ಆ ಲೆಕ್ಕದವನು.

ಒಮ್ಮೆ ತಡೆದು, ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ತಮಾ, ಅದು ಬಂದ್ ಮಾಡಿದ್ಯೇನಾ?"

"ಹ್ಞೂಂ ಚಿಕ್ಕಿ, ಬಂದಾಯ್ತು," ಅಂದೆ.

ಬಂದ್ ಆಗಿರಲಿಲ್ಲ. ನಮ್ಮ ಕಸುಬಿನಲ್ಲಿ ಮೊದಲು ಕಲಿಸುವ ಪಾಠವೇ ಅದು: ಹಾಡು ಮುಗಿಯಿತೆಂದು ರೆಕಾರ್ಡರ್ ನಿಲ್ಲಿಸಬೇಡ, ಕೊನೆಯ ಗುಂಗು ಪೂರ್ತಿ ಆರಲಿ. ಇಪ್ಪತ್ತು ವರ್ಷದಲ್ಲಿ ಅದು ಕೈಗೆ ಅಂಟಿದ ಚಾಳಿಯಾಗಿದೆ. ಬಟನ್ ಒತ್ತಲು ಎದ್ದರೆ ಅವಳ ಅಳು ಮುರಿಯುತ್ತದೆ, ಆಮೇಲೆ ಅಳಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾದ ಸದ್ದು ನನ್ನ ಯಂತ್ರಕ್ಕೆ ಅಲ್ಲಿಯ ತನಕ ಬಿದ್ದಿರಲಿಲ್ಲ. ನಿಲ್ಲಿಸಲು ಮನಸ್ಸಾಗಲಿಲ್ಲ.

ಬಂದಾಯಿತೆಂದು ನಂಬಿದ ಮೇಲೆ ಅವಳು ಹೇಳಿದ್ದು ಯಾರಿಗೂ ಹೇಳದ ಮಾತು. "ಬಂಗ್ಡೆ ಸಾರು ಒಲೆ ಮೇಲೇ ಇತ್ತಲ್ರೋ... ಉಣ್ಣದೇ ಹೋದ್ರಲ್ರೋ... ಹೋಗಿ, ತಿರ್ಗಿ ಬರೂದೇ ಬೇಡ ಅಂದ್ನಲ್ರೋ... ಈ ಬಾಯಿಂದ ಅಂದ್ನಲ್ರೋ..." ಆ ಬೆಳಗ್ಗೆ ಗಂಡ ಹೆಂಡತಿಗೆ ಯಾವುದೋ ಚಿಲ್ಲರೆ ವಿಷಯಕ್ಕೆ ಜಗಳವಾಗಿತ್ತು. ಕಡಲಿಗೆ ಹೊರಟವನಿಗೆ ಎಲ್ಲಿಗೆ ಎಂದು ಕೇಳುವುದು ಸಹ ಅಪಶಕುನ ಅನ್ನುವ ಕೇರಿ ಅದು. ಅಲ್ಲಿ ಇವಳು ಆ ಮಾತು ಆಡಿದ್ದಳು, ಅವನು ವಾಪಸು ಬರಲಿಲ್ಲ. ನಾಲ್ಕು ವರ್ಷ ಅದನ್ನು ಮಗಳಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಮನೆಗೆ ಬಂದು ರೆಕಾರ್ಡರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸಿಕ್ಕಿಸಿದ ಕೂಡಲೇ ಎಲ್ಲ ಫೈಲುಗಳೂ ತಾವಾಗಿ ಬ್ಯಾಂಡಿನವರೆಲ್ಲ ನೋಡುವ ಫೋಲ್ಡರಿಗೆ ಹೋಗುವ ಹಾಗೆ ನಾನೇ ಮಾಡಿಟ್ಟಿದ್ದೆ. ಕೊನೆಯ ಭಾಗ ಕತ್ತರಿಸಬೇಕು ಅಂದುಕೊಂಡೆ. ಮರುದಿನ ಹುಬ್ಬಳ್ಳಿಯಲ್ಲಿ ಶೋ, ಅದರ ಮರುದಿನ ಬೆಳಗಾವಿ. ಹಾಗೇ ಮರೆತುಹೋಯಿತು. 'ಮರೆತುಹೋಯಿತು' ಎಂದು ಬರೆಯುವಾಗ ಕೈ ಎಷ್ಟು ಸಲೀಸಾಗಿ ಓಡುತ್ತದೆ ನೋಡಿ.

ಕಾರವಾರದ ಶೋ ಒಂದು ಯುವಕರ ಸಂಘದವರು ಮಾಡಿಸಿದ್ದು. ಮರಳಿನ ಮೇಲೆ ಸೌಂಡ್ ಕಟ್ಟುವುದೆಂದರೆ ಮೊದಲೇ ತಲೆನೋವು. ಆಳೆತ್ತರದ ಬಾಸ್ ಡಬ್ಬಿಗಳು ಮರಳಿನಲ್ಲಿ ಹೂತುಹೋಗುತ್ತವೆ. ಪ್ಲೈವುಡ್ ಹಾಸಿ, ಅದರ ಮೇಲೆ ಸಾಲಾಗಿ ಕೂರಿಸಿದೆವು. ಉಪ್ಪುಗಾಳಿಗೆ ಕೇಬಲ್ಲಿನ ಪಿನ್ನುಗಳು ಹಸಿರುಗಟ್ಟಿರುತ್ತವೆ, ಒಂದೊಂದನ್ನೂ ಉಜ್ಜಬೇಕು. ಅವತ್ತು ಜನರೇಟರಿನಿಂದ 'ಗುಂಯ್' ಎನ್ನುವ ಸದ್ದು ಬೇರೆ ಎಲ್ಲ ಸ್ಪೀಕರಿಗೂ ಹತ್ತಿಕೊಂಡಿತ್ತು. ಅದರ ಬೆನ್ನು ಹತ್ತಿ ಮಧ್ಯಾಹ್ನ ಊಟ ಬಿಟ್ಟಿದ್ದೆ. ಮೂರು ಗಂಟೆಗೆ ಟೆಸ್ಟಿಂಗ್ ಶುರುವಾಯಿತು. ಡ್ರಮ್ಮು, ಬಾಸ್, ಗಿಟಾರು ಒಂದೊಂದಾಗಿ ಕೇಳಿ, ಕೊನೆಗೆ ಲ್ಯಾಪ್‌ಟಾಪ್ ಹಾಕಿ ಅಂದೆ. ಹಾಡಿನ ಹಿಂದೆ ಬರಬೇಕಾದ ರೆಡಿ ಸದ್ದುಗಳೂ ಡ್ರಮ್ಮರನ ಕಿವಿಗೆ ಮಾತ್ರ ಕೇಳುವ ತಾಳದ ಟಿಕ್‌ಟಿಕ್ಕೂ ಆ ಲ್ಯಾಪ್‌ಟಾಪಿನಿಂದಲೇ ಬರುತ್ತವೆ. ಗಾಯಕ ವೇದಿಕೆಯ ಮೇಲಿಂದ ಅದರ ಗುಂಡಿ ಒತ್ತಿದ.

ಖಾಲಿ ಬಯಲಿನಲ್ಲಿ, ಬಿಸಿಲಿನಲ್ಲಿ, ಮನೆಯೆತ್ತರದ ಸ್ಪೀಕರುಗಳಿಂದ ಚಿಕ್ಕಿ ಅತ್ತಳು.

ಮರಳಿನಲ್ಲಿ ಓಡುತ್ತ ವೇದಿಕೆಗೆ ಹೋದೆ. "ಇದೆಲ್ಲಿಂದ ತೆಗೆದೆ?"

"ಫೋಲ್ಡರಲ್ಲೇ ಇತ್ತಲ್ಲ ಅಣ್ಣಾ. ಹೇಗಿದೆ? ಮೈ ಜುಂ ಅಂತದೆ ಅಲ್ಲಾ?"

"ಅದು ಹಾಡಲ್ಲ ಮಾರಾಯಾ. ಚಿಕ್ಕಿ ಅಳ್ತಾ ಇರೋದು."

"ಗೊತ್ತು. ಅದಕ್ಕೇ ಹಾಕಿದ್ದು. ಇಂಥದ್ದು ಕೂರಿಸಿ ಹಾಡಿಸಿದ್ರೂ ಬರೂದಿಲ್ಲ." ಗಾಯಕ ನಗುತ್ತಿದ್ದ. ಆ ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಒಳ್ಳೆಯ ಶರ್ಟು ಸಿಕ್ಕಿದವನ ನಗು ಅದು. "ಅವರನ್ನೂ ಕರೆದಿದ್ದೇನೆ. ಮುಂದಿನ ಸಾಲಲ್ಲೇ ಕುರ್ಚಿ. ಹಾಡು ಮುಗಿದ ಮೇಲೆ ಶಾಲು ಹೊದೆಸೂದು."

ತೆಗೆಯದಿದ್ದರೆ ನಾನು ಮಿಕ್ಸರ್ ಮುಟ್ಟುವುದಿಲ್ಲ ಅಂದೆ. ಅವನ ಮುಖ ಸಪ್ಪಗಾಯಿತು. "ಆಯ್ತು ಅಣ್ಣಾ, ತೆಗೀತೇನೆ. ಬರೀ ಅಲೆ ಸದ್ದು ಹಾಕ್ತೇನೆ. ಸಿಟ್ಟಾಗಬೇಡ," ಅಂದ. ನಾನು ನಂಬಿದೆ. ಆ ಲ್ಯಾಪ್‌ಟಾಪನ್ನೇ ಕಿತ್ತುಕೊಂಡು ಹೋಗಬಹುದಿತ್ತು. ಆದರೆ ತಾಳವಿಲ್ಲದೆ ಡ್ರಮ್ಮರ್ ಏನು ಬಾರಿಸುತ್ತಾನೆ? ಶೋ ಕೆಡುತ್ತದೆ. ಶೋ ಕೆಡಬಾರದು ಎನ್ನುವುದು ನನ್ನಂಥವರ ತಲೆಯಲ್ಲಿ ದೇವರ ಜಾಗದಲ್ಲಿ ಕೂತಿರುತ್ತದೆ. ಮತ್ತೆ ಜನರೇಟರಿನ ಗುಂಯ್ ಹುಡುಕಲು ಹೋದೆ.

ಆರೂವರೆಗೆ ಸೂರ್ಯ ಮುಳುಗುವಾಗ ಶೋ ಶುರು ಎಂದಾಗಿತ್ತು. ಬಯಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಅಂಕೋಲೆಯ ಕೇರಿಯಿಂದ ಬಂದ ಹತ್ತು ಹನ್ನೆರಡು ಹೆಂಗಸರು ತಲೆತುಂಬ ಅಬ್ಬಲಿಗೆ ಮುಡಿದು ಕೂತಿದ್ದರು. ನಡುವೆ ಚಿಕ್ಕಿ, ಮಗಳು. ಆ ಕಡೆ ತುದಿಯಲ್ಲಿ ಚಿಕ್ಕಿಯ ಭಾವ, ಅಂದರೆ ಸತ್ತ ಗಂಡನ ಅಣ್ಣ. ಚಿಕ್ಕಿ ಹಿಂದೆ ತಿರುಗಿ ಗುಡಾರದಲ್ಲಿ ನನ್ನನ್ನು ಗುರುತು ಹಿಡಿದು ಕೈಯೆತ್ತಿದಳು. ಪಕ್ಕದವಳಿಗೆ ತೋರಿಸಿದ್ದೂ ಕಂಡಿತು, ನಮ್ಮ ಅಕ್ಕನ ಮಗ ಎಂದು.

ದೀಪಗಳು ಆರಿದವು. ಹೊಗೆ ಬಿಟ್ಟರು. ಅಲೆಯ ಸದ್ದು ಬಂತು. ಅಬ್ಬ ಅಂದುಕೊಂಡೆ. ಅಲೆಯ ಹಿಂದೆಯೇ ಚಿಕ್ಕಿಯ ದನಿ ಬಂತು.

ಇಲ್ಲಿಂದ ಮುಂದಿನದು ಒಂಬತ್ತು ಸೆಕೆಂಡಿನ ಕತೆ, ಮತ್ತು ಅದರಲ್ಲಿ ನನ್ನ ಕೈ ಮಾಡಿದ ಕೆಲಸವನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೈ ಮ್ಯೂಟ್ ಬಟನ್ನಿಗೆ ಹೋಗಲಿಲ್ಲ. ಗಾಳಿ ಕಡಲಿನಿಂದ ಬೀಸುತ್ತಿತ್ತು, ದನಿ ಸ್ವಲ್ಪ ಗುಮ್ಮೆನ್ನುತ್ತಿತ್ತು. ಕೈ ತಾನಾಗಿ ಹೋಗಿ ಆ ಗುಮ್ಮನ್ನು ಕಡಿಮೆ ಮಾಡಿತು. ದನಿ ಸ್ವಚ್ಛವಾಯಿತು. ಕೊನೆಯ ಸಾಲಿನ ಐಸ್‌ಕ್ರೀಮ್ ಗಾಡಿಯವನಿಗೂ ಮಾತು ಮಾತು ತಿಳಿಯುವಷ್ಟು ಸ್ವಚ್ಛ. ಸರಿಯಾಯಿತು ಎನ್ನುವ ಒಂದು ಸಣ್ಣ ತೃಪ್ತಿಯೂ ಆಯಿತು. ಆ ತೃಪ್ತಿಯ ಮಧ್ಯೆಯೇ "ತಿರ್ಗಿ ಬರೂದೇ ಬೇಡ ಅಂದ್ನಲ್ರೋ" ಎಂಬುದು ಇಡೀ ಬಯಲಿಗೆ ಹೋಯಿತು. ಆಗ ಮ್ಯೂಟ್ ಒತ್ತಿದೆ.

ವೇದಿಕೆಯ ಮೇಲಿದ್ದವರು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್ ಫೋನಿನಲ್ಲಿ ಅದು ಇನ್ನೂ ಕೇಳುತ್ತಲೇ ಇತ್ತು. ಬಯಲಿನಲ್ಲಿ ದನಿ ನಿಂತದ್ದು ಗಾಯಕನಿಗೆ ಗೊತ್ತಾಯಿತು. ಕೇಬಲ್ ಕೈಕೊಟ್ಟಿದೆ ಅಂದುಕೊಂಡಿರಬೇಕು. ಮೈಕಿಗೆ ಬಾಯಿಟ್ಟು, ಚಿಕ್ಕಿಯ ಅಳುವನ್ನು ತಾನೇ ಎಳೆದ. "ಅಂದ್ನಲ್ರೋ... ಅಂದ್ನಲ್ರೋ..." ಮೂಗಿನಲ್ಲಿ, ಹೆಂಗಸಿನ ದನಿ ಮಾಡಿ. ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿಸಿದ. ಜನ ತಟ್ಟಿದರು. ಅದೇನೆಂದು ತಿಳಿಯದೆ ತಟ್ಟಿದರು, ತಿಳಿದವರೂ ಕೆಲವರು ತಟ್ಟಿದರು. ಕಾಲೇಜಿನ ಹುಡುಗ ಹುಡುಗಿಯರು ಫೋನ್ ಎತ್ತಿ ಹಿಡಿದು "ಅಂದ್ನಲ್ರೋ" ಎಂದು ಹಾಡಿದರು.

ಗಾಯಕನ ಮೈಕನ್ನೂ ನಾನು ಆಗಲೇ ಮುಚ್ಚಬಹುದಿತ್ತು. ಬೆರಳು ಅಲ್ಲೇ ಇತ್ತು. ನಡುಹಾಡಿನಲ್ಲಿ ಗಾಯಕನ ದನಿ ಕೊಲ್ಲುವುದು ನಮ್ಮ ಕಸುಬಿನಲ್ಲಿ ಮಹಾಪಾಪ, ಅಂಥವನಿಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಹಾಗೆ ನಿಂತೆ. ಅಷ್ಟರಲ್ಲಿ ಚಿಕ್ಕಿ ಎದ್ದು ನಿಂತದ್ದು ಕಂಡಿತು. ಅವಳು ವೇದಿಕೆ ನೋಡುತ್ತಿರಲಿಲ್ಲ. ಭಾವನನ್ನು ನೋಡುತ್ತಿದ್ದಳು. ಭಾವನೂ ವೇದಿಕೆ ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದ. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ನಾನು ಎಲ್ಲ ಸದ್ದನ್ನೂ ಒಟ್ಟಿಗೆ ಕೆಳಗೆ ಎಳೆದೆ. ವೇದಿಕೆಯ ಮೇಲೆ ಡ್ರಮ್ಮಿನ ಬರೀ ಪಟಪಟ ಉಳಿಯಿತು. ಜನ ನನ್ನ ಗುಡಾರದ ಕಡೆ ತಿರುಗಿ ಬೊಬ್ಬೆ ಹಾಕಲು ಶುರುಮಾಡಿದರು.

ಮುಂದಿನದನ್ನೇ ಎಲ್ಲರೂ ವಿಡಿಯೋದಲ್ಲಿ ನೋಡಿದ್ದು. ಬದಿಯಲ್ಲಿ ನಿಂತಿದ್ದ ಕೇರಿಯ ನಾಲ್ಕು ಗಂಡಸರು ವೇದಿಕೆ ಹತ್ತಿದರು, ಗಾಯಕನ ಕಾಲ ಬಳಿಯ ಸ್ಪೀಕರ್ ಎತ್ತಿ ಒಗೆದರು, ಕುರ್ಚಿಗಳು ಹಾರಿದವು, ಪೊಲೀಸರು ಬಂದು ಶೋ ನಿಲ್ಲಿಸಿದರು. ಚಿಕ್ಕಿಯನ್ನು ಹುಡುಕಿಕೊಂಡು ಹೋದೆ. ಹೆಂಗಸರು ಅವಳನ್ನು ಟೆಂಪೋ ಹತ್ತಿಸಿಕೊಂಡು ಆಗಲೇ ಹೊರಟುಹೋಗಿದ್ದರು.

ಎರಡನೇ ದಿನದಿಂದ ಶುರುವಾದದ್ದು ಇನ್ನೂ ಹೊಲಸು. ಒಂದು ಸಂಘಟನೆಯವರು, ನಮ್ಮ ಹೆಂಗಸರ ಮಾನ ಹೋಯಿತೆಂದು ರಸ್ತೆ ತಡೆದರು. ಇನ್ನೊಂದು ಗುಂಪಿನವರು, ಕಲಾವಿದರ ಮೇಲೆ ಹಲ್ಲೆಯಾಯಿತೆಂದು ಕಪ್ಪು ಪಟ್ಟಿ ಕಟ್ಟಿದರು. ಇಬ್ಬರಿಗೂ ಆ ಅಳು ಬೇಕಾಗಿತ್ತು, ಅತ್ತವಳು ಬೇಡವಾಗಿದ್ದಳು. ಒಂದು ಬೆಳಗ್ಗೆ ರಸ್ತೆ ತಡೆದ ಸಂಘಟನೆಯವರು ಕ್ಯಾಮೆರಾದವನನ್ನು ಕರೆದುಕೊಂಡು, ಶಾಲು ಹಣ್ಣು ಹಿಡಿದು ಅವಳ ಮನೆಗೇ ಹೋದರಂತೆ, ಮೈಕಿನಲ್ಲಿ ಎರಡು ಮಾತು ಆಡಬೇಕೆಂದು. ಬಾಗಿಲು ಹಾಕಿಕೊಂಡಳಂತೆ. ಬಾಗಿಲಿನ ಎದುರಿಗೇ ನಿಂತು ಫೋಟೋ ಹೊಡೆಸಿಕೊಂಡು ಬಂದರು. ನಮ್ಮ ಮ್ಯಾನೇಜರ್ ಒಂದು ಹೇಳಿಕೆ ಬಿಟ್ಟ: 'ತಾಂತ್ರಿಕ ಸಿಬ್ಬಂದಿಯ ಅಚಾತುರ್ಯದಿಂದ ತಪ್ಪು ಧ್ವನಿಮುದ್ರಣ ಪ್ರಸಾರವಾಗಿದ್ದು ವಿಷಾದಿಸುತ್ತೇವೆ.' ಆ ಸಿಬ್ಬಂದಿ ಎಂದರೆ ನಾನು. ಓದಿ ಮೊದಲು ಮೈ ಉರಿಯಿತು. ಆಮೇಲೆ, ಅದರಲ್ಲಿ ಅರ್ಧ ನಿಜ ಇದೆಯಲ್ಲ ಎಂದು ಇನ್ನೂ ಉರಿಯಿತು.

ಅಮ್ಮ ಫೋನ್ ಮಾಡಿ ಹೇಳಿದ್ದೇ ನನಗೆ ನಿಜವಾದ ಸುದ್ದಿ. ಚಿಕ್ಕಿಯ ಭಾವನ ಮನೆಯವರು ಮಾತು ಬಿಟ್ಟಿದ್ದರು. ಬೆಳಗ್ಗೆ ದೋಣಿ ಇಳಿಸುವ ಹೊತ್ತಿಗೆ ದಡಕ್ಕೆ ಬರಬೇಡ ಎಂದು ಗಂಡಸರು ಅವಳಿಗೆ ಹೇಳಿ ಕಳಿಸಿದ್ದರು. ಗಂಡನನ್ನೇ ಬಾಯಿಂದ ಕಳಿಸಿದವಳು ಎದುರಿಗೆ ನಿಂತರೆ ಹೊರಡುವುದು ಹೇಗೆ, ಎಂದು. ಅವಳು ದಿನಾ ಮೀನು ಎತ್ತುತ್ತಿದ್ದುದೇ ಆ ದಡದಲ್ಲಿ. ಈಗ ಮೊದಲ ಬಸ್ಸಿಗೆ ಕಾರವಾರದ ಬಂದರಿಗೆ ಬಂದು, ಬುಟ್ಟಿ ಹೊತ್ತು ವಾಪಸು ಅಂಕೋಲೆಗೆ ಹೋಗುತ್ತಿದ್ದಳು. ಮಗಳು ಒಂದೇ ಮಾತು ಕೇಳಿದ್ದಳಂತೆ: "ನಂಗ್ಯಾಕೆ ಹೇಳ್ಲಿಲ್ಲ?"

ಇಷ್ಟರ ಮಧ್ಯೆ ಆ ಒಂಬತ್ತು ಸೆಕೆಂಡನ್ನು ಜನ ಕತ್ತರಿಸಿ, ಅದಕ್ಕೆ ಬಾಯಿ ಆಡಿಸಿ, ಕುಣಿದು, ತಮಾಷೆಯ ರೀಲ್ಸ್ ಮಾಡುತ್ತಿದ್ದರು. ಬೈಕ್ ಕೆಟ್ಟವನೂ 'ಅಂದ್ನಲ್ರೋ', ಪರೀಕ್ಷೆಯಲ್ಲಿ ಫೇಲಾದವನೂ 'ಅಂದ್ನಲ್ರೋ'. ನಾನು ಸ್ವಚ್ಛ ಮಾಡಿ ಕೊಟ್ಟ ದನಿಯಲ್ಲವೇ, ಎಲ್ಲರ ಫೋನಿನಲ್ಲೂ ಚೆನ್ನಾಗಿ ಕೇಳುತ್ತಿತ್ತು.

ಮೂರನೇ ವಾರ ಮ್ಯಾನೇಜರ್ ಸದಾಶಿವಗಡದ ಒಂದು ಲಾಡ್ಜಿಗೆ ನನ್ನನ್ನು ಕರೆಸಿದ. ಗಾಯಕನೂ ಅಲ್ಲಿದ್ದ. ಕಿಟಕಿಯಿಂದ ಕಾಳಿ ನದಿಯ ಸೇತುವೆ ಕಾಣುತ್ತಿತ್ತು. ಟೇಬಲ್ಲಿನ ಮೇಲೆ ಸಿಗಡಿ ಫ್ರೈ ಇತ್ತು. ಬೈಯಲು ಕರೆದಿದ್ದಾರೆ ಅಂದುಕೊಂಡು ಹೋಗಿದ್ದೆ. ಇಬ್ಬರೂ ಖುಷಿಯಲ್ಲಿದ್ದರು.

"ಕುಂದರ್ರಿ, ಕುಂದರ್ರಿ," ಅಂದ ಮ್ಯಾನೇಜರ್. ಅವನು ಧಾರವಾಡದವನು. "ಆದದ್ದ ಆತು. ಈಗ ನೋಡ್ರಿ, ಊರ ತುಂಬ ಅದ ಹಾಡ. ಇದ ಬಿಸಿಯೊಳಗ ಪೂರ್ತಿ ಹಾಡು ಬಿಟ್ಟಬಿಡೂಣು ಅಂತ. ಮುಂಬೈ ಕಂಪನಿಯವರು ರೆಡಿ ಅದಾರ. ಆದ್ರ ಆ ದನಿ ಯಾರದ, ಅವರ ಒಪ್ಪಿಗಿ ಪತ್ರ ತರ್ರಿ ಅಂತಾರ. ನಿಮ್ಮ ಚಿಕ್ಕವ್ವ ಅಲ್ಲೇನ್ರಿ? ಒಂದ ಸಹಿ ಮಾಡಿಸ್ಕೊಂಡ ಬರ್ರಿ."

ಗಾಯಕ ಹೇಳಿದ: "ಅವರಿಗೆ ಅರ್ಪಣೆ ಅಂತಲೇ ಹಾಕ್ತೇವೆ ಅಣ್ಣಾ. ಗೌರವ ಅದು. ರೆಕಾರ್ಡ್ ಮಾಡುವಾಗ ಒಪ್ಪಿಯೇ ಕೂತಿದ್ರಲ್ಲ? ಪೂರ್ತಿ ಫೈಲ್ ನಿನ್ನ ಹತ್ರ ಇದ್ಯಲ್ಲ, ಅದೇ ಸಾಕ್ಷಿ ಆಗ್ತದೆ."

ಶೋದ ರಾತ್ರಿಯೇ ಅದನ್ನು ಎಲ್ಲರ ಫೋಲ್ಡರಿನಿಂದ ತೆಗೆದು ನನ್ನ ಬಳಿ ಮಾತ್ರ ಇಟ್ಟುಕೊಂಡಿದ್ದೆ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಪೂರ್ತಿ ಫೈಲ್ ಹಾಕಿದೆ. ಬಲೆ ಎಳೆಯುವ ಪದ, ದನಿ ಕುಸಿದದ್ದು, ಸೆರಗಿನ ಸರಸರ. ಆಮೇಲೆ "ತಮಾ, ಅದು ಬಂದ್ ಮಾಡಿದ್ಯೇನಾ?" ಆಮೇಲೆ ನನ್ನ ದನಿ, "ಹ್ಞೂಂ ಚಿಕ್ಕಿ, ಬಂದಾಯ್ತು." ಅಲ್ಲಿಗೆ ನಿಲ್ಲಿಸಿದೆ. ನನ್ನದೇ ಆ 'ಹ್ಞೂಂ' ಎಷ್ಟು ಮೆತ್ತಗೆ, ಎಷ್ಟು ಪ್ರೀತಿಯಿಂದ ಬಂದಿತ್ತು.

ಗಾಯಕನೇ ಮೊದಲು ಬಾಯಿಬಿಟ್ಟ. "ಅಷ್ಟು ಭಾಗ ಕಟ್ ಮಾಡಿದ್ರೆ ಗೊತ್ತಾಗೂದಿಲ್ಲ ಅಲ್ವಾ ಅಣ್ಣಾ?"

ಮ್ಯಾನೇಜರ್ ಕೇಳಿದ್ದು: "ಈ ಫೈಲ್ ಮತ್ಯಾರ ಕಡೆ ಐತ್ರಿ?"

ಅವನ ಬೆರಳಿಗೆ ಸಿಗಡಿಯ ಮಸಾಲೆ ಮೆತ್ತಿತ್ತು. ಅದನ್ನು ಚೀಪುತ್ತಲೇ ಕೇಳಿದ. ನಾನು ಲ್ಯಾಪ್‌ಟಾಪ್ ಮುಚ್ಚಿಕೊಂಡು ಎದ್ದೆ. ಬಾಗಿಲ ತನಕ ಗಾಯಕ ಹಿಂದೆ ಬಂದು, "ನೀನೇ ಮಾಡಿದ್ದಲ್ಲ ಇದು? ನಮ್ಮ ಮೇಲೆ ಯಾಕೆ ಹಾರಾಡ್ತೆ?" ಅಂದ. ಆ ಇಡೀ ಪ್ರಕರಣದಲ್ಲಿ ಅವನು ಆಡಿದ ಒಂದೇ ಸರಿಯಾದ ಮಾತು ಅದು.

ಬೈಕ್ ಹತ್ತಿ ನೇರ ದಕ್ಷಿಣಕ್ಕೆ, ಅಂಕೋಲೆಯ ಕಡೆ ಹೊರಟೆ. ಅರ್ಗಾದ ನೌಕಾನೆಲೆಯ ಉದ್ದದ ಗೋಡೆ ಮುಗಿಯುವ ಹೊತ್ತಿಗೆ ಏನು ಮಾಡಬೇಕೆಂದು ತೀರ್ಮಾನವಾಗಿತ್ತು. ಒಪ್ಪಿಗೆ ಇಲ್ಲ ಎಂದು ನಾನು ಬರೀ ಬಾಯಲ್ಲಿ ಹೇಳಿದರೆ ಅವರು ಬೇರೆ ಯಾರದೋ ಕೈಲಿ ಕಾಗದ ತಯಾರು ಮಾಡಿಸುತ್ತಾರೆ. ಮುಂಬೈ ಕಂಪನಿಗೆ ಆ ಫೈಲೇ ಹೋಗಬೇಕು, ಅವಳು ಕೇಳಿದ್ದು, ನಾನು ಸುಳ್ಳು ಹೇಳಿದ್ದು, ಎರಡೂ. ಆದರೆ ಈ ಸಲ ಅವಳನ್ನು ಕೇಳದೆ ಅವಳ ದನಿಯ ಒಂದು ಚೂರನ್ನೂ ಎಲ್ಲಿಗೂ ಕಳಿಸಲಾರೆ. ಕೇಳಬೇಕೆಂದರೆ ಮೊದಲು ಹೇಳಬೇಕು.

ಚಿಕ್ಕಿ ಹಿಂದಿನ ಪಡಸಾಲೆಯಲ್ಲಿ ಖಾಲಿ ಬುಟ್ಟಿ ತೊಳೆಯುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಕೇಳದೆ ಫೋಲ್ಡರಿನಿಂದ ಎತ್ತಿದರು ಎಂದು ಹೇಳಲು ಬಾಯಿ ತುರಿಸುತ್ತಿತ್ತು. ಹೇಳಲಿಲ್ಲ.

"ಚಿಕ್ಕಿ, ಅವತ್ತು ಬಂದ್ ಮಾಡಿದ್ಯಾ ಅಂತ ಕೇಳಿದ್ಯಲ್ಲ. ನಾ ಬಂದ್ ಮಾಡಿರಲಿಲ್ಲ. ಗೊತ್ತಿದ್ದೇ ಹ್ಞೂಂ ಅಂದೆ."

ಅವಳು ಬುಟ್ಟಿ ತಿರುವಿ ಹಾಕಿದಳು. ನೀರು ಹರಿದು ಹೋಗುವ ತನಕ ನೋಡಿದಳು. "ನಾ ಎಂತ ಮಾಡ್ದೆ ಗೊತ್ತದ್ಯಾ? ಯಾರೋ ಕಳ್ಳತನದಲ್ಲಿ ತೆಗ್ದಿರ್ಬೇಕು ಅಂತ ನಿನ್ನ ಅಬ್ಬೆ ಹತ್ರ ಹೇಳ್ದೆ. ನಮ್ ತಮ ಅಂತವ ಅಲ್ಲ ಅಂದೆ."

ತೊಳೆದ ಬುಟ್ಟಿಯನ್ನು ಗೋಡೆಗೆ ಒರಗಿಸಿಟ್ಟು, ಮುಂಬೈ ಕಂಪನಿಯ ವಿಷಯ ಹೇಳಿದೆ. ಹಾಡು ನಿಲ್ಲಬೇಕಾದರೆ ಆ ಫೈಲ್ ಕಳಿಸಬೇಕು ಅಂದೆ.

"ಮತ್ತೆ ಯಾರಾರಿಗೋ ಕೇಳ್ಸೂದಾ?"

"ಅಳು ಬೇಡ ಚಿಕ್ಕಿ. ನೀ ಕೇಳಿದ್ದು, ನಾ ಹೇಳಿದ್ದು, ಅಷ್ಟೇ."

"ಹಂಗಾರೆ ಕಳ್ಸು," ಅಂದಳು. "ನೀ ಸುಳ್ಳು ಹೇಳದ್ದು ಅವ್ರಿಗೂ ತಿಳೀಲಿ."

ಅಲ್ಲೇ ಜಗಲಿಯಲ್ಲಿ ಕೂತು ಆ ಎರಡು ವಾಕ್ಯಗಳನ್ನಷ್ಟೇ ಕತ್ತರಿಸಿ ತೆಗೆದೆ. ಒಂದು ಪತ್ರ ಬರೆದೆ. ಈ ಹೆಂಗಸು ರೆಕಾರ್ಡ್ ಬೇಡವೆಂದಿದ್ದರು, ನಾನು ಅವರಿಗೆ ಮೋಸ ಮಾಡಿ ತೆಗೆದೆ, ಒಪ್ಪಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅವಳಿಗೆ ಓದಿ ಹೇಳಿದೆ. ಕೆಳಗೆ ಅವಳು ಸಹಿ ಮಾಡಿದಳು. ಫೋಟೋ ತೆಗೆದು ಕಳಿಸಿದೆ. ಉಳಿದದ್ದನ್ನು ಅವಳ ಕಣ್ಣೆದುರಿಗೇ ಅಳಿಸಿದೆ.

"ಎಲ್ಲಾ ಕಡೆಯಿಂದ್ಲೂ ಅಳ್ಸಿ ಹೋಯ್ತಾ ಹಂಗಾರೆ?"

"ಇಲ್ಲ ಚಿಕ್ಕಿ. ಜನರ ಫೋನಲ್ಲಿದ್ದದ್ದು ನಂಗೆ ತೆಗೆಯೂಕೆ ಬರೂದಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು. ಚಾ ಮಾಡಿ ತಂದುಕೊಟ್ಟಳು. ನಾನು ಕುಡಿದೆ. ನಾಲ್ಕು ದಿನದಲ್ಲಿ ಕಂಪನಿಯವರು ಹಾಡು ಕೈಬಿಟ್ಟರು. ಬ್ಯಾಂಡಿನವರು ನನ್ನನ್ನು ಕೈಬಿಟ್ಟರು, ಇನ್ನೊಬ್ಬ ಸೌಂಡಿನವನನ್ನು ಹಿಡಿದರು. ಈಗ ಗಾಯಕ ಗೋವಾದಲ್ಲಿ ಬೇರೆ ಹಾಡು ಹೇಳುತ್ತಾನೆ, 'ಕಡಲ ಮಗ' ಎಂದು ಪೋಸ್ಟರಿನಲ್ಲಿ ಬರೆಸಿಕೊಳ್ಳುತ್ತಾನೆ. ಆ ಪೋಸ್ಟರ್ ಕಂಡಾಗಲೆಲ್ಲ ಉಗಿಯಬೇಕೆನಿಸುತ್ತದೆ. ಕೇರಿಯ ಗಂಡಸರು ಮಳೆಗಾಲ ಕಳೆದ ಮೇಲೆ ಚಿಕ್ಕಿಯನ್ನು ದಡಕ್ಕೆ ಬರಲು ಬಿಟ್ಟರು, ಆದರೆ ದೋಣಿ ಹೊರಡುವಾಗಲ್ಲ, ಬಂದ ಮೇಲೆ. ಭಾವನ ಮನೆ ಇನ್ನೂ ಮಾತಾಡುವುದಿಲ್ಲ. ಅವಳು ಚಾ ಕೊಟ್ಟಿದ್ದಳಲ್ಲ, ನನ್ನ ಮಟ್ಟಿಗೆ ಕ್ಷಮಿಸಿದ್ದಾಳೆ ಎಂದು ನಾನು ನೆಮ್ಮದಿಯಾಗಿದ್ದೆ. ಅವಳ ಚಾದಿಂದ ಅಷ್ಟು ದೊಡ್ಡ ಅರ್ಥ ಹೊರಡಿಸಿಕೊಳ್ಳುವ ಹಕ್ಕು ನನಗೆ ಯಾರು ಕೊಟ್ಟಿದ್ದರೋ.

ಕಳೆದ ದೀಪಾವಳಿ ಮುಗಿದ ಮೇಲೆ ಅಜ್ಜಿ ತೀರಿಕೊಂಡಳು. ಅಮ್ಮನ, ಚಿಕ್ಕಿಯ ತಾಯಿ. ತೋಡೂರಿನಲ್ಲಿ ಮಾವನ ಮನೆಯಲ್ಲಿದ್ದಳು. ಸುದ್ದಿ ಸಿಕ್ಕಾಗ ನಾನು ಕುಮಟೆಯ ಒಂದು ಮದುವೆ ಹಾಲಿನಲ್ಲಿ ಸ್ಪೀಕರ್ ಇಳಿಸುತ್ತಿದ್ದೆ. ಹಾಗೇ ಬಿಟ್ಟು ಓಡಿದೆ. ಬೆಳಗಿನ ಹತ್ತು ಗಂಟೆ ಇರಬಹುದು. ಬೈಕ್ ನಿಲ್ಲಿಸಿ ಅಂಗಳದ ಕಡೆ ಬರುವಾಗ ಒಳಗೆ ಹೆಂಗಸರು ಹೇಳಿಕೊಂಡು ಅಳುತ್ತಿದ್ದರು. ನಾಲ್ಕೈದು ದನಿಗಳು ಒಂದರ ಮೇಲೊಂದು. ಅಜ್ಜಿಗೆ ತೊಂಬತ್ತರ ಹತ್ತಿರ, ಅವಳಿಗೆ ಹೇಳಬೇಕಾದದ್ದು ಒಬ್ಬೊಬ್ಬರ ಹತ್ತಿರವೂ ಬೇಕಾದಷ್ಟಿತ್ತು.

ನಾನು ಮೆಟ್ಟಿಲು ಹತ್ತಿದೆ. ಬಾಗಿಲ ಬಳಿ ಕೂತಿದ್ದವಳು ನನ್ನನ್ನು ಕಂಡು ಸುಮ್ಮನಾದಳು. ಅವಳ ಪಕ್ಕದವಳು ತಲೆಯೆತ್ತಿ ನೋಡಿ ಸುಮ್ಮನಾದಳು. ಹಾಗೇ ಒಬ್ಬೊಬ್ಬರಾಗಿ ಕೋಣೆಯ ಆ ತುದಿಯ ತನಕ ಹೋಯಿತು. ಅಜ್ಜಿಯ ತಲೆಯ ಬಳಿ ಚಿಕ್ಕಿ ಕೂತಿದ್ದಳು. ಅವಳ ಬಾಯಿ ಅರ್ಧ ಮಾತಿಗೆ ತೆರೆದಿತ್ತು, ಮುಚ್ಚಿಕೊಂಡಿತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನೆಲ ನೋಡಿದಳು. ಗಡಿಯಾರದ ಸದ್ದು ಕೇಳತೊಡಗಿತು.

ನಾನು ಜೇಬಿನಿಂದ ಫೋನ್ ತೆಗೆದು, ಆರಿಸಿ, ಎಲ್ಲರಿಗೂ ಕಾಣುವ ಹಾಗೆ ಹೊರಗಿನ ಕಟ್ಟೆಯ ಮೇಲಿಟ್ಟು ಬಂದೆ. ಅಜ್ಜಿಯ ಕಾಲು ಮುಟ್ಟಿ ಗೋಡೆಗೆ ಒರಗಿ ಕೂತೆ. ಯಾರೂ ಅಳಲಿಲ್ಲ. ಮೂಗು ಒರೆಸಿಕೊಳ್ಳುವ ಸದ್ದು ಅಷ್ಟೇ. ಆಗ ಅಮ್ಮ ಎದ್ದು ಬಂದು, ಭುಜ ಮುಟ್ಟಿ ನನ್ನನ್ನು ಅಂಗಳಕ್ಕೆ ಕರೆದಳು.

"ತಮಾ, ನೀ ಒಂಚೂರು ರಸ್ತೆ ಬದಿ ಹೋಗಿ ನಿಂತ್ಕ."

"ಫೋನ್ ಹೊರಗಿಟ್ಟೆ ಅಲ್ಲ ಅಬ್ಬೇ."

"ಫೋನ್ ಇಟ್ರೆ ಎಂತಾಯ್ತು? ನೀ ಇದ್ಯಲ್ಲ." ಅಮ್ಮನ ಕಣ್ಣು ಕೆಂಪಾಗಿತ್ತು, ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ಳಿಗೆ ಅವ್ಳ ಅಬ್ಬೆ ಸತ್ತದೆ. ಒಂದ್ಸಲ ಬಾಯ್ ಬಿಟ್ಟು ಅಳೂಕೆ ಬಿಡು. ಚಟ್ಟ ಹೊರೂಕೆ ಕರೀತೆ."

ಅಂಗಳ ದಾಟಿ, ತೆಂಗಿನ ಮರದ ಸಂದಿಯ ಓಣಿ ಹಿಡಿದು ರಸ್ತೆಗೆ ಬಂದು ಕರೆಂಟು ಕಂಬದ ಹತ್ತಿರ ನಿಂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಶುರುವಾಯಿತು. ಮೊದಲು ಎದ್ದದ್ದು ಚಿಕ್ಕಿಯ ದನಿ. ಗಾಳಿ ಮನೆಯ ಕಡೆಯಿಂದ ಬೀಸುತ್ತಿತ್ತು, ಇನ್ನೊಂದು ಕ್ಷಣ ನಿಂತಿದ್ದರೆ ಮಾತುಗಳೂ ತಿಳಿಯುತ್ತಿದ್ದವು. ನಾನು ಕಂಬ ಬಿಟ್ಟು ನಡೆಯಲು ಶುರುಮಾಡಿದೆ, ಏನೂ ಕೇಳಿಸದಷ್ಟು ದೂರ, ಹೆದ್ದಾರಿಯ ಲಾರಿಗಳ ಸದ್ದಿನ ತನಕ.